ಹಾಡಿನ ನಡುವೆ ಮಿಶ್ರ ಛಾಪು ಬಂದಾಗ ಕ್ಲಿಕ್ ಯಾಕೆ ದಾರಿ ತಪ್ಪುತ್ತದೆ?

ಪ್ರಶ್ನೆ: ನನ್ನ ಹಾಡಿನ ಪಲ್ಲವಿ ನಾಲ್ಕರ ಎಣಿಕೆಯಲ್ಲಿದೆ, ಚರಣ ಮಿಶ್ರ ಛಾಪು, ಅಂದರೆ ಏಳರ ತಾಳ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಚರಣ ಶುರುವಾದ ಕೂಡಲೇ ಮೆಟ್ರೋನೋಮ್ ಎಲ್ಲೆಲ್ಲೋ ಬಡಿಯುತ್ತದೆ. ಕೊನೆಯಲ್ಲಿ ವೇಗ ಇಳಿಸಹೋದರೆ ಮೊದಲೇ ರೆಕಾರ್ಡ್ ಮಾಡಿದ ದನಿ ಜಗ್ಗಿದಂತಾಗುತ್ತದೆ. ಏನು ಮಾಡಲಿ?

ಉತ್ತರ: ಎಣಿಕೆ (ತಾಳದ ಒಂದು ಸುತ್ತಿಗೆ ಎಷ್ಟು ಮಾತ್ರೆ), ವೇಗ (ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ), ನಡೆ (ಒಂದೊಂದು ಬಡಿತವನ್ನು ಎಷ್ಟು ಭಾಗ ಮಾಡುತ್ತೇವೆ) ಈ ಮೂರೂ ಬೇರೆ ಬೇರೆ. ಎಣಿಕೆ ತಪ್ಪಿದ್ದಕ್ಕೆ ಬಿಪಿಎಂ ತಿರುಗಿಸುವುದು, ನಡೆ ಬದಲಾದದ್ದಕ್ಕೆ ಟೈಮ್ ಸಿಗ್ನೇಚರ್ ತಿದ್ದುವುದು ಮಾಡಿದರೆ ಗೊಂದಲ ಹೆಚ್ಚುತ್ತದೆ, ಅಷ್ಟೇ.

ಮೊದಲು ಎಣಿಕೆ ನೋಡೋಣ. ಪಲ್ಲವಿ 4/4ರಲ್ಲಿ 8 ಆವರ್ತ (ತಾಳದ ಪೂರ್ತಿ ಸುತ್ತು, ಇಲ್ಲಿ ಒಂದು ಬಾರ್) ಇದೆ ಎಂದುಕೊಳ್ಳಿ. ಸ್ನ್ಯಾಪ್ (ಕರ್ಸರ್ ಗೆರೆಗೆ ತಾನೇ ಅಂಟುವ ಸೌಲಭ್ಯ) ಆನ್ ಮಾಡಿ, ಕರ್ಸರನ್ನು ಸರಿಯಾಗಿ 9ನೇ ಬಾರ್‌ನ ಗೆರೆಯ ಮೇಲಿಡಿ, ಶಿಫ್ಟ್ ಹಿಡಿದು ಸಿ ಒತ್ತಿ. ತೆರೆಯುವ ಕಿಟಕಿಯಲ್ಲಿ ಟೈಮ್ ಸಿಗ್ನೇಚರ್‌ಗೆ ಟಿಕ್ ಹಾಕಿ 7/8 ಕೊಡಿ. ಬಿಪಿಎಂ ಮುಟ್ಟಬೇಡಿ. ಚರಣ ಮುಗಿಯುವಲ್ಲಿ ಇನ್ನೊಂದು ಗುರುತು ಹಾಕಿ 4/4ಕ್ಕೆ ಮರಳಿ. ಈ ಎರಡನೆಯ ಗುರುತನ್ನೇ ಹೆಚ್ಚಿನವರು ಮರೆಯುತ್ತಾರೆ. ಆಮೇಲೆ ಪಲ್ಲವಿಯೂ ಏಳರ ಲೆಕ್ಕದಲ್ಲಿ ಓಡುತ್ತದೆ. ಗುರುತುಗಳನ್ನು ಎಡದಿಂದ ಬಲಕ್ಕೇ ಹಾಕುತ್ತ ಹೋಗಿ. ಹಿಂದಿನದನ್ನು ಆಮೇಲೆ ತಿದ್ದಿದರೆ ಮುಂದಿನವು ಬಾರ್‌ನ ನಡುವೆ ಸಿಕ್ಕಿಕೊಳ್ಳಬಹುದು.

7/8 ಬೇಕೋ 7/4 ಬೇಕೋ ಎಂಬುದು ಸಣ್ಣ ಮಾತಲ್ಲ. ಬಿಪಿಎಂ ಎಣಿಸುವುದು ಕಾಲು ಸ್ವರವನ್ನು (ಕ್ವಾರ್ಟರ್ ನೋಟ್, 7/4ರ ಕೆಳಗಿನ 4). 7/8ರ ಕೆಳಗಿನ 8 ಅದರ ಅರ್ಧ, ಎಂಟನೇ ಸ್ವರ. 120ರಲ್ಲಿ ಒಂದು ಕಾಲು ಸ್ವರಕ್ಕೆ ಅರ್ಧ ಸೆಕೆಂಡು. ಹಾಗಾಗಿ 7/8ರ ಒಂದು ಆವರ್ತಕ್ಕೆ 1.75 ಸೆಕೆಂಡು, 7/4ಕ್ಕೆ 3.5 ಸೆಕೆಂಡು. ಮೇಲಿನ ಹಾಡಿನಲ್ಲಿ ಪಲ್ಲವಿಗೆ 16 ಸೆಕೆಂಡು. ಚರಣ 16 ಆವರ್ತವಿದ್ದರೆ ಅದಕ್ಕೆ 28. ಅಂದರೆ 25ನೇ ಬಾರ್ ಸರಿಯಾಗಿ 44ನೇ ಸೆಕೆಂಡಿಗೆ ಬೀಳಬೇಕು. 72ಕ್ಕೆ ಬಿದ್ದಿದ್ದರೆ ನೀವು ಕೊಟ್ಟದ್ದು 7/4.

ಈಗ ಕ್ಲಿಕ್. ಹಾಗೇ ಬಿಟ್ಟರೆ ಏಳರಲ್ಲಿ ಮೊದಲನೆಯದು ಮಾತ್ರ ಜೋರಾಗಿ ಬಡಿಯುತ್ತದೆ. ಹಾಡುವವರಿಗೆ ಹಿಡಿತ ಸಿಗುವುದಿಲ್ಲ. ಮಿಶ್ರ ಛಾಪುವಿನ ಪೆಟ್ಟು 1, 4, 6ರ ಮೇಲೆ: ತಕಿಟ ತಕ ದಿಮಿ. ಅದೇ ಕಿಟಕಿಯಲ್ಲಿ ಮೆಟ್ರೋನೋಮ್ ಪ್ಯಾಟರ್ನ್ ಎಂಬ ಜಾಗವಿದೆ. ಇತ್ತೀಚಿನ ಆವೃತ್ತಿಗಳಲ್ಲಿ ಅಲ್ಲಿ ಎ ಅಂದರೆ ಜೋರು, ಬಿ ಅಂದರೆ ಮೆಲು. ಎ-ಬಿ-ಬಿ-ಎ-ಬಿ-ಎ-ಬಿ ಎಂದು ಗೆರೆಯಿಲ್ಲದೆ ಬರೆಯಿರಿ. ಖಂಡ ಛಾಪುವಿಗೆ 5/8 ಕೊಟ್ಟು ಎ-ಬಿ-ಎ-ಬಿ-ಬಿ. ಎಡುಪ್ಪು (ಸಾಹಿತ್ಯ ಶುರುವಾಗುವ ಜಾಗ) ಸಮದ (ಆವರ್ತದ ಮೊದಲ ಪೆಟ್ಟಿನ) ಮೇಲಿಲ್ಲ ಎಂದು ಬಾರ್ ಗೆರೆಯನ್ನು ಸರಿಸಬೇಡಿ. ಗೆರೆ ಸಮದಲ್ಲೇ ಇರಲಿ, ಸಾಹಿತ್ಯ ತನ್ನ ಜಾಗದಿಂದ ಶುರುವಾಗಲಿ.

ನಾಲ್ಕರ ಡ್ರಮ್ ಲೂಪನ್ನು ಏಳರೊಳಗೆ ಎಳೆದು ತಂದರೆ ಮೊದಲ ಆವರ್ತದ ಕೊನೆಗೇ ಜಾರುತ್ತದೆ. 4/4ರ ಒಂದು ಬಾರ್ ಎಂಟನೇ ಸ್ವರದ ಲೆಕ್ಕದಲ್ಲಿ ಎಂಟು ಮಾತ್ರೆ. ಈ ಎಂಟು ಮಾತ್ರೆಯ ಲೂಪ್ ಮತ್ತೆ ಸಮಕ್ಕೆ ಸೇರುವುದು 56 ಮಾತ್ರೆ ಕಳೆದ ಮೇಲೆ, ಅಂದರೆ 8 ಆವರ್ತ ಆದಮೇಲೆ. ಬೇಕೆಂದೇ ಮಾಡಿದರೆ ಅದು ಸೊಗಸು. ಬೇಡವಾದರೆ ಲೂಪಿನ ಕೊನೆಯ ಒಂದು ಮಾತ್ರೆ ಕತ್ತರಿಸಿ.

ಇನ್ನು ನಡೆ. ಎರಡನೇ ಕಾಲಕ್ಕೆ ಹೋಗುವಾಗ ಬಿಪಿಎಂ ದುಪ್ಪಟ್ಟು ಮಾಡುವವರಿದ್ದಾರೆ. ತಾಳದ ಕೈ ಹಾಗೇ ಇದೆ, ಸ್ವರಗಳಷ್ಟೇ ಇಮ್ಮಡಿ. ಗ್ರಿಡ್ಡನ್ನು (ಬಾರ್ ಒಳಗಿನ ಗೆರೆಗಳನ್ನು) 1/8ರಿಂದ 1/16ಕ್ಕೆ ಇಳಿಸಿದರೆ ಸಾಕು. ತಿಶ್ರ ನಡೆಗೆ (ಬಡಿತಕ್ಕೆ ಮೂರು ಅಕ್ಷರ) ಟ್ರಿಪ್ಲೆಟ್ ಗ್ರಿಡ್. ಆದರೆ ಆ ತಿಶ್ರದ ಒಂದೊಂದು ಅಕ್ಷರವೇ ಮುಂದಿನ ಭಾಗದ ಎಂಟನೇ ಸ್ವರವಾಗಬೇಕಿದ್ದರೆ ಆಗ ನಿಜಕ್ಕೂ ವೇಗ ಬದಲಿಸಬೇಕು: ಹಳೆಯ ಬಿಪಿಎಂ ಒಂದೂವರೆ ಪಟ್ಟು. 90 ಇದ್ದದ್ದು 135.

ಕೊನೆಯ ಇಳಿತಕ್ಕೆ ಎರಡು ಗುರುತು ಬೇಕು. ಇಳಿತ ಶುರುವಾಗುವಲ್ಲಿ 120 ಇಟ್ಟು, ಮುಂದಿನ ಗುರುತಿನವರೆಗೆ ಮೆಲ್ಲಗೆ ಬದಲಾಗಲಿ ಎಂಬ ಆಯ್ಕೆಗೆ ಟಿಕ್ ಹಾಕಿ. ಮುಗಿಯುವಲ್ಲಿ 90 ಇಡಿ. ಎರಡನೆಯದಿಲ್ಲದೆ ಇಳಿಜಾರೇ ಇಲ್ಲ. 7/8ರ ಎರಡು ಆವರ್ತದಲ್ಲಿ ಸಮವಾಗಿ ಇಳಿದರೆ 3.5 ಸೆಕೆಂಡಿನದು 4 ಸೆಕೆಂಡು ಆಗುತ್ತದೆ. ಕಾಗದದ ಮೇಲೆ ಅರ್ಧ ಸೆಕೆಂಡು, ಕಿವಿಗೆ ಸಾಕಷ್ಟು. ಟೆಂಪೋಗೆ ಕಟ್ಟಿದ ಡಿಲೇ (ಪ್ರತಿಧ್ವನಿಯ ಎಫೆಕ್ಟ್) ಇಂಥಲ್ಲಿ ಕೆಲವೊಮ್ಮೆ ಚಟಗುಟ್ಟುತ್ತದೆ ಅಥವಾ ಶ್ರುತಿ ವಾಲಿಸುತ್ತದೆ. ಆ ಭಾಗಕ್ಕೆ ಅದನ್ನು ಬಿಡಿಸಿ ಮಿಲಿಸೆಕೆಂಡಿನಲ್ಲಿ ಕೊಡಿ. 120ರಲ್ಲಿ ಎಂಟನೇ ಸ್ವರಕ್ಕೆ 250.

ದನಿ ಜಗ್ಗಿದ್ದು ಟೈಮ್‌ಬೇಸ್‌ನಿಂದ, ಅಂದರೆ ಟ್ರ್ಯಾಕು ಸೆಕೆಂಡಿಗೆ ಅಂಟಿರಬೇಕೋ ಬಡಿತಕ್ಕೋ ಎಂಬ ಆಯ್ಕೆಯಿಂದ. ಅದು ಬೀಟ್ಸ್‌ನಲ್ಲಿದ್ದರೆ, ಅದರಲ್ಲೂ ಸ್ಥಾನ, ಉದ್ದ, ದರ ಮೂರೂ ಸೇರಿದ ಆಯ್ಕೆಯಲ್ಲಿದ್ದರೆ, ವೇಗದ ಜತೆ ಆಡಿಯೋವೂ ಹಿಗ್ಗುತ್ತದೆ. ವೇಗ ಬದಲಿಸುವ ಮೊದಲೇ ಹಾಡಿನ ಮತ್ತು ತಂಬೂರಿಯ ಟ್ರ್ಯಾಕುಗಳ ಟೈಮ್‌ಬೇಸನ್ನು ಟೈಮ್‌ಗೆ ಬದಲಿಸಿ, ಮಿಡಿ ಟ್ರ್ಯಾಕುಗಳು (ದನಿಯಲ್ಲ, ಸ್ವರಗಳ ಆದೇಶ ಮಾತ್ರ ಇರುವವು) ಬೀಟ್ಸ್‌ನಲ್ಲೇ ಇರಲಿ. ಆಗ ದನಿ ಅಲ್ಲಾಡುವುದಿಲ್ಲ, ಆದರೆ ಇಳಿತವನ್ನು ಅನುಸರಿಸುವುದೂ ಇಲ್ಲ. ಕೊನೆಯ ಎರಡು ಆವರ್ತ ಹೊಸ ಕ್ಲಿಕ್‌ಗೆ ಮತ್ತೆ ಹಾಡಿಸುವುದೇ ಮೇಲು. ಹಿಗ್ಗಿಸಿದ ಗಮಕ ಎಂಥ ಸಾಫ್ಟ್‌ವೇರಿನಲ್ಲೂ ಗಮಕದಂತೆ ಕೇಳುವುದಿಲ್ಲ.

ಮಿಕ್ಸಿಂಗ್‌ಗೆ ಬೇರೆಯವರಿಗೆ ಕೊಡುವಾಗ ಎಲ್ಲ ವೇವ್ ಫೈಲುಗಳೂ ಸೊನ್ನೆಯಿಂದಲೇ ಶುರುವಾಗಲಿ. ಜತೆಗೆ ಟೆಂಪೋ ನಕ್ಷೆ ಸೇರಿಸಿದ ಒಂದು ಮಿಡಿ ಫೈಲ್ ಕಳಿಸಿ. ಅದಿಲ್ಲದಿದ್ದರೆ ಅವರ ಪರದೆಯ ಮೇಲೆ ನಿಮ್ಮ ಚರಣ ಮತ್ತೆ 4/4ರ ಗೆರೆಗಳ ನಡುವೆಯೇ ಕೂತಿರುತ್ತದೆ.