"ನೀರು ಬೇಕಾ?" ಅಂದರೆ ನೀರು ಬೇಕು

ಆಟಿಸಂ (ಮಾತು, ಒಡನಾಟದ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇರುವ ಐದು ವರ್ಷದ ಹುಡುಗ ಚಿಕಿತ್ಸಾ ಕೊಠಡಿಯಲ್ಲಿ ನನ್ನ ಮೇಜಿನ ಹತ್ತಿರ ಬಂದು "ನೀರು ಬೇಕಾ?" ಅಂದ. "ನೋಡಿ, ನಿಮ್ಮನ್ನೇ ವಿಚಾರಿಸ್ತಿದ್ದಾನೆ" ಎಂದು ಅಜ್ಜ ನಕ್ಕರು. ಅಮ್ಮ ಸುಮ್ನೆ ಬಾಟಲಿ ತೆಗೆದು ಅವನ ಕೈಗೆ ಕೊಟ್ಟರು. ಬಾಯಾರಿದ್ದು ಅವನಿಗೇ. ಅಮ್ಮ ದಿನಾ ಕೇಳುವ ಮಾತನ್ನು ಹಾಗೇ ಎತ್ತಿಕೊಂಡು ಹೇಳಿದ್ದ. ಇದಕ್ಕೆ ಎಕೋಲಾಲಿಯಾ ಅನ್ನುತ್ತೇವೆ. ಬರೀ ಗಿಳಿಪಾಠ ಅಂತ ಜನ ತಿಳಿಯುತ್ತಾರೆ. ಎಷ್ಟೋ ಸಲ ಅದು ಮಗುವಿನ ಬೇಡಿಕೆಯೇ ಆಗಿರುತ್ತದೆ.

ಆ ಮನೆಯಲ್ಲಿ ಇದು ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ. ಕಷ್ಟ ಇರುವುದು ಅಲ್ಲೇ. ಸ್ನಾನಕ್ಕೆ ಹೋದರೂ ಬಾಗಿಲು ಅರ್ಧ ತೆರೆದಿರಬೇಕು. ಮಗ ರಾತ್ರಿ ಎರಡಕ್ಕೆ ಏಳುತ್ತಾನೆ (ಆಟಿಸಂ ಇರುವ ಮಕ್ಕಳಲ್ಲಿ ನಿದ್ದೆಯ ತೊಂದರೆ ಜಾಸ್ತಿ), ಜೊತೆಗೆ ಏಳುವವರೂ ಅವರೇ.

ಅಜ್ಜ ಹುಡುಗನನ್ನು ಹೊರಗೆ ಕರೆದುಕೊಂಡು ಹೋದಾಗ ಅಮ್ಮ ಮೆಲ್ಲಗೆ ಕೇಳಿದರು: "ನಾನು ಕೆಲಸಕ್ಕೆ ಹೋಗ್ತಿದ್ದೆ. ಅದಕ್ಕೇ ಹೀಗಾಯ್ತಾ ಮೇಡಂ?"

ಅಲ್ಲ. ಆದರೆ ಈ ಅನುಮಾನವನ್ನು ತಾಯಂದಿರ ತಲೆಗೆ ತುಂಬಿದ್ದರಲ್ಲಿ ನಮ್ಮ ವೃತ್ತಿಯವರದ್ದೂ ಪಾಲಿದೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದರು. ಆಮೇಲೆ ವರ್ಷಗಟ್ಟಲೆ ತಜ್ಞರು ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಅಂದುಕೊಂಡೇ ಬಂದರು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನ ಬಂತು, ಇದು ಹುಟ್ಟಿನಿಂದಲೇ ಬರುವಂಥದ್ದು, ವಂಶವಾಹಿಗಳ ಪಾತ್ರ ದೊಡ್ಡದು ಅನ್ನುವುದು ಕಾಣತೊಡಗಿತು. ನಂತರ ಲಸಿಕೆಯ ಸರದಿ. ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಅನುಮಾನ ಹುಟ್ಟಿಸಿದ 1998ರ ಪ್ರಬಂಧವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಅನುಮಾನ ಮಾತ್ರ ಇನ್ನೂ ಮನೆಮನೆ ಸುತ್ತುತ್ತಿದೆ.

ಮೊದಲೆಲ್ಲ ನಾನೂ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳ ಉದ್ದನೆ ಪಟ್ಟಿ ಕೊಟ್ಟು ಕಳಿಸುತ್ತಿದ್ದೆ. ಒಬ್ಬ ತಾಯಿ ಅದನ್ನು ಮಡಚಿಡುತ್ತಾ, "ಇಷ್ಟೆಲ್ಲ ಮಾಡಿಸಿದ ಮೇಲೆ ನಾನು ಅವನಿಗೆ ಅಮ್ಮ ಆಗೋದು ಯಾವಾಗ?" ಅಂದರು. ಈಗ ಮೊದಲ ಭೇಟಿಯಲ್ಲೇ ಕೇಳುತ್ತೇನೆ: ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ? ನಿಮ್ಮ ಬದಲು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?

ಆ ದಿನ ಪಾಠ ಹೇಳಿದ್ದು ಅಜ್ಜನಿಗೆ. ಕೈ ಹಿಡಿದು ಎಳೆದರೆ ಜೊತೆಗೆ ಹೋಗಿ, ಬೇಕಾದ್ದನ್ನು ಅವನೇ ತೋರಿಸುತ್ತಾನೆ. ಕಿವಿ ಮುಚ್ಚಿಕೊಂಡು ಚೀರಿದರೆ ಅದು ಹಟ ಅಲ್ಲ, ಸದ್ದು ತಡೆಯಲಾಗುತ್ತಿಲ್ಲ ಅಂತ. ಬೈಯಬೇಡಿ, ಸಮಾಧಾನವನ್ನೂ ಜಾಸ್ತಿ ಹೇಳಬೇಡಿ. ಸದ್ದಿಲ್ಲದ ಕಡೆ ಕರೆದೊಯ್ದು ಪಕ್ಕದಲ್ಲಿ ಕೂತಿರಿ. ವಾರಕ್ಕೆ ಎರಡು ಮಧ್ಯಾಹ್ನ ಅವನು ನಿಮ್ಮ ಜೊತೆ ಇರಲಿ.

ತಿಂಗಳ ನಂತರ ಅಜ್ಜ–ಮೊಮ್ಮಗ ಇಬ್ಬರೇ ಬಂದರು. "ಸೊಸೆ ಮಲಗಿದ್ಳು, ಎಬ್ಬಿಸಲಿಲ್ಲ" ಅಂದರು. ನಾನು ಮಾತಾಡುತ್ತಿರುವಾಗಲೇ ಹುಡುಗ, "ಮನೆಗೆ ಹೋಗೋಣ್ವಾ?" ಅಂದ. ಅಜ್ಜ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.