ಗುರಿ ನಿಂತಲ್ಲೇ ಇದೆ, ಕೈ ಯಾಕೆ ಸರಿಯಿತು?

ಪರದೆಯ ಮೇಲೆ ಒಂದು ಗುರಿ. ಮುಟ್ಟಲು ಕೈ ಹೊರಟಿದೆ. ಅಷ್ಟರಲ್ಲಿ ಹಿಂದಿನ ಪಟ್ಟೆಗಳೆಲ್ಲ ಒಟ್ಟಿಗೆ ಬಲಕ್ಕೆ ಓಡುತ್ತವೆ. ಗುರಿ ಅಲುಗಿಲ್ಲ. ಆದರೂ ಕೈ ಬಲಕ್ಕೆ ವಾಲುತ್ತದೆ, ಅದೂ ಸುಮಾರು 0.1 ಸೆಕೆಂಡಿನಲ್ಲಿ. ಬೇಕೆಂದು ಮಾಡಿದ್ದಲ್ಲ, ತಾನಾಗಿ ಆಗುವಂಥದ್ದು. 2005ರಲ್ಲಿ ಜಪಾನಿನ ಸೈಜೊ, ಗೋಮಿ ಮತ್ತು ಜೊತೆಗಾರರು ಇದನ್ನು ತೋರಿಸಿದರು.

ಇಷ್ಟು ಬೇಗ ಅಂದರೆ ಹಿಂದಿನವರು ನಂಬುತ್ತಿರಲಿಲ್ಲವೇನೋ. 1899ರಲ್ಲಿ ಅಮೆರಿಕದ ರಾಬರ್ಟ್ ವುಡ್‌ವರ್ತ್ ಮೆಟ್ರೊನೋಮ್ ಎಂಬ ತಾಳ ಹಾಕುವ ಯಂತ್ರದ ತಾಳಕ್ಕೆ ಜನರಿಂದ ಪೆನ್ಸಿಲ್ ಗೆರೆ ಎಳೆಸಿದರು. ನಿಧಾನವಾಗಿ ಎಳೆದರೆ ಕಣ್ಣು ತೆರೆದವರ ಗೆರೆ ಚೊಕ್ಕ. ತಾಳದ ವೇಗ ಹೆಚ್ಚಾದರೆ ಕಣ್ಣು ಮುಚ್ಚಿದರೂ ತೆರೆದರೂ ತಪ್ಪು ಅಷ್ಟೇ. ಕಂಡದ್ದನ್ನು ನೋಡಿ ತಿದ್ದಿಕೊಳ್ಳಲು ಕೈಗೆ ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಬೇಕು ಅನ್ನುವ ಲೆಕ್ಕ ಬಂತು. 1968ರಲ್ಲಿ ಕೀಲ್ ಮತ್ತು ಪೋಸ್ನರ್ ಕೈ ಹೊರಟ ಮೇಲೆ ದೀಪ ಆರಿಸಿ, ಕತ್ತಲಲ್ಲಿ ಗುರಿ ಎಷ್ಟು ತಪ್ಪುತ್ತದೆ ಎಂದು ನೋಡಿದರು. ಆ ಲೆಕ್ಕ ಕಾಲು ಸೆಕೆಂಡಿನ ಆಸುಪಾಸಿಗೆ ಇಳಿಯಿತು.

ಸುತ್ತಲಿನ ಚಲನೆಯ ವಿಚಾರ ಬೇರೆ ದಾರಿಯಲ್ಲಿ ಬಂತು. ಮೋಡ ಓಡಿದರೆ ಚಂದ್ರನೇ ಓಡಿದಂತೆ ಕಾಣುತ್ತದೆ, ಅಲ್ವಾ? ಈ ಭ್ರಮೆಯನ್ನು 1929ರಲ್ಲಿ ಕಾರ್ಲ್ ಡುಂಕರ್ ಪರೀಕ್ಷಿಸಿದ್ದರು. ಇದು ಕೈಯನ್ನೂ ಏಮಾರಿಸುತ್ತದಾ ಎಂದು 1981ರಲ್ಲಿ ಬ್ರಿಡ್ಜ್‌ಮನ್ ತಂಡ ನೋಡಿತು. ಚುಕ್ಕೆಯನ್ನು ಸುಮ್ನೆ ಬಿಟ್ಟು, ಸುತ್ತಲಿನ ಚೌಕಟ್ಟನ್ನು ಮಾತ್ರ ಸರಿಸಿದರು. ಚುಕ್ಕೆಯೇ ಸರಿದಂತೆ ಕಂಡಿತು. ಆದರೆ ಕೈ ತೋರಿಸಿದ್ದು ಅದು ನಿಜವಾಗಿ ಇದ್ದ ಕಡೆಗೇ. ಕಣ್ಣು ಏಮಾರಿದರೂ ಕೈ ಏಮಾರಲ್ಲ ಅನ್ನುವ ಮಾತು ಗಟ್ಟಿಯಾಯಿತು.

ಆದರೆ ಒಂದು ತೊಡಕಿತ್ತು. ಅಲ್ಲಿ ಕೈ ತೋರಿಸಿದ್ದು ಚುಕ್ಕೆ ಮಾಯವಾದ ಮೇಲೆ. ಚಲನೆ ಕಣ್ಣೆದುರೇ ನಡೆಯುತ್ತಿರುವಾಗ ಕೈ ಚಾಚಿದರೆ? 2003ರಲ್ಲಿ ವಿಟ್ನಿ, ವೆಸ್ಟ್‌ವುಡ್ ಮತ್ತು ಗುಡೇಲ್ ಅದನ್ನೇ ಮಾಡಿಸಿದರು. ಪಕ್ಕದಲ್ಲಿ ಏನಾದರೂ ಚಲಿಸುತ್ತಿದ್ದರೆ, ನಿಂತ ಗುರಿಯತ್ತ ಹೊರಟ ಕೈಯೂ ಆ ಕಡೆಗೇ ಎಳೆದುಕೊಂಡಿತು.

ಇದು ದೋಷ ಅಂತ ನನಗನ್ನಿಸುವುದಿಲ್ಲ. ಮೈ ಎಡಕ್ಕೆ ವಾಲಿದರೆ ಕಾಣುವುದೆಲ್ಲ ಬಲಕ್ಕೆ ಸರಿಯುತ್ತದೆ. ಗುರಿ ತಪ್ಪದಿರಲು ಕೈ ಬಲಕ್ಕೇ ಹೋಗಬೇಕು. ಯೋಚಿಸಿ ಮಾಡಲು ಹೊತ್ತಿಲ್ಲ. ಇದು ಮೈಯ ವಾಲಾಟದ ಲೆಕ್ಕವಲ್ಲ, ಗುರಿಯೇ ಸರಿದಿದೆ ಎಂದು ಮಿದುಳು ತಿಳಿಯುತ್ತದೆ ಅನ್ನುವವರೂ ಇದ್ದಾರೆ. ಪ್ರಯೋಗದಲ್ಲಿ ಕೂತವರ ಮೈ ಮಾತ್ರ ಅಲುಗಿರಲಿಲ್ಲ, ಓಡಿದ್ದು ಬರೀ ಪಟ್ಟೆಗಳು.