ಚೀಲದ ಮೇಲೆ 14: ನಮ್ಮ ಕಾಫಿಗೆ ದೇಶದ ಹೆಸರು ಏಕೆ ಅಂಟಲಿಲ್ಲ?

ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಂದ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆಗಳಿಂದ) ರಫ್ತಿಗೆ ಹೊರಡುವ ಕಾಫಿ ಚೀಲದ ಮೇಲೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಮೊದಲು ದೇಶದ ಸಂಕೇತ, ಆಮೇಲೆ ರಫ್ತುದಾರರದ್ದು, ಕೊನೆಗೆ ಲಾಟಿನದ್ದು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಪಟ್ಟಿಯಲ್ಲಿ ಭಾರತ 14, ಕೊಲಂಬಿಯಾ 3. ನಮ್ಮ ಕಾಫಿಗೆ ಅತಿ ದೊಡ್ಡ ಗಿರಾಕಿ ಇಟಲಿ. ಅಲ್ಲಿ ಚೀಲ ಬಿಚ್ಚಿ ಸುರಿದ ಮೇಲೆ ನಮ್ಮ ರೋಬಸ್ಟಾ ಜಾತಿಯ ಕಾಫಿ ಎಸ್‌ಪ್ರೆಸೊ ಮಿಶ್ರಣದಲ್ಲಿ ಕರಗಿಹೋಗುತ್ತದೆ. ಆ 14 ಖಾಲಿ ಗೋಣಿಯ ಪಾಲಾಗುತ್ತದೆ. ಪೊಟ್ಟಣದ ಮೇಲೆ ಉಳಿಯುವುದು ಇಟಲಿಯ ಕಂಪನಿಯ ಹೆಸರು. ಕೊಲಂಬಿಯಾದ ಕಾಫಿಯಾದರೆ ಆ ದೇಶದ ಹೆಸರೇ ಪೊಟ್ಟಣದ ಮುಖದ ಮೇಲಿರುತ್ತದೆ. ಈ ವ್ಯತ್ಯಾಸಕ್ಕೆ ಒಂದು ಇತಿಹಾಸವಿದೆ.

ಸೈನ್ಯವಿಲ್ಲದೆ, ಸಾಲದ ಆಮಿಷವಿಲ್ಲದೆ, ಬರಿಯ ಆಕರ್ಷಣೆಯಿಂದ ಒಂದು ದೇಶ ಇತರರನ್ನು ಒಲಿಸಿಕೊಳ್ಳುವುದಕ್ಕೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಜೋಸೆಫ್ ನೈ 1990ರಲ್ಲಿ ‘ಸಾಫ್ಟ್ ಪವರ್’ ಎಂದು ಹೆಸರಿಟ್ಟರು. ಹೆಸರು ಹೊಸದು, ಕಸುಬು ಹಳೆಯದು. ಫ್ರೆಂಚರು 1883ರಲ್ಲೇ ಅಲಯನ್ಸ್ ಫ್ರಾನ್ಸೇಸ್ ಕಟ್ಟಿದ್ದರು. ಬ್ರಿಟಿಷ್ ಕೌನ್ಸಿಲ್ ಹುಟ್ಟಿದ್ದು 1934ರಲ್ಲಿ. ನಾವೂ 1950ರಲ್ಲಿ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಮಾಡಿಕೊಂಡೆವು. 2014ರಲ್ಲಿ ವಿಶ್ವಸಂಸ್ಥೆಯಲ್ಲಿ ಯೋಗ ದಿನದ ನಿರ್ಣಯಕ್ಕೆ 177 ದೇಶಗಳು ಸಹಪ್ರಾಯೋಜಕರಾದವು. ಇವೆಲ್ಲ ಸರ್ಕಾರಗಳ ಕೆಲಸ. ರೈತರ ಸಂಘಟನೆಯೊಂದು ದೇಶಕ್ಕೆ ಹೆಸರು ತಂದುಕೊಟ್ಟ ಉದಾಹರಣೆ ಬೇಕಿದ್ದರೆ ಕೊಲಂಬಿಯಾವನ್ನೇ ನೋಡಬೇಕು.

ಅಲ್ಲಿನ ಕಾಫಿ ಬೆಳೆಗಾರರ ಒಕ್ಕೂಟ ಸ್ಥಾಪನೆಯಾದದ್ದು 1927ರಲ್ಲಿ. ಮೂರು ದಶಕ ಕಳೆಯುವ ಹೊತ್ತಿಗೆ ಅದಕ್ಕೆ ದೊಡ್ಡ ಸಂಕಟ ಎದುರಾಯಿತು. 1953ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತ್ತು. ಆ ಆಸೆಗೆ ಎಲ್ಲ ಕಡೆ ಗಿಡ ನೆಟ್ಟರು. ದಶಕದ ಕೊನೆಗೆ ಬೆಲೆ ನೆಲಕಚ್ಚಿತು. ಕೊಲಂಬಿಯಾದ ಒಳ್ಳೆಯ ಅರೇಬಿಕಾ ಜಾತಿಯ ಕಾಫಿಯನ್ನು ಅಮೆರಿಕದ ಕಂಪನಿಗಳು ಹೆಸರಿಲ್ಲದೆ ಮಿಶ್ರಣಕ್ಕೆ ಸುರಿಯುತ್ತಿದ್ದವು. ಇಂದಿನ ನಮ್ಮ ಸ್ಥಿತಿಯೇ. ಒಕ್ಕೂಟ ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯೊಂದನ್ನು ಹಿಡಿಯಿತು. ಹ್ವಾನ್ ವಾಲ್ಡೆಜ್ ಎಂಬ ಕಾಲ್ಪನಿಕ ರೈತ ಹುಟ್ಟಿದ್ದು ಹಾಗೆ: ಹುಲ್ಲಿನ ಟೋಪಿ, ಹೆಗಲ ಮೇಲೊಂದು ಕಂಬಳಿ, ಜೊತೆಗೆ ಕೊಂಚಿತಾ ಎಂಬ ಹೇಸರಗತ್ತೆ. ಇಳಿಜಾರು ತೋಟದಲ್ಲಿ ಕೆಂಪಗೆ ಮಾಗಿದ ಹಣ್ಣನ್ನಷ್ಟೇ ಒಂದೊಂದಾಗಿ ಬಿಡಿಸುವ ಆತನನ್ನು ಅಮೆರಿಕದ ಗೃಹಿಣಿಯರು ಟಿ.ವಿ.ಯಲ್ಲಿ ಕಂಡರು. ಮೊದಲು ಆ ಪಾತ್ರ ಮಾಡಿದ ನಟ ಕೊಲಂಬಿಯಾದವನೂ ಅಲ್ಲ, ಕ್ಯೂಬಾ ಮೂಲದವನು! 1969ರಿಂದ 2006ರವರೆಗೆ ಆ ಟೋಪಿ ತೊಟ್ಟ ಕಾರ್ಲೋಸ್ ಸಾಂಚೆಜ್ ಮಾತ್ರ ಅಲ್ಲಿಯವರೇ.

ಜಾಹೀರಾತು ಚೆಂದವಿತ್ತು, ನಿಜ. ಆದರೆ ಹೆಸರನ್ನು ಉಳಿಸಿದ್ದು ಅದರ ಹಿಂದಿದ್ದ ಏರ್ಪಾಡು ಎಂಬುದು ನನ್ನ ಎಣಿಕೆ. ರಫ್ತಾಗುವ ಪ್ರತಿ ಪೌಂಡಿನಿಂದ ಒಂದಿಷ್ಟು ಹಣ ಬೆಳೆಗಾರರ ನಿಧಿಗೆ ಹೋಗುತ್ತದೆ. ಸಂಶೋಧನಾ ಕೇಂದ್ರ, ಕೃಷಿ ಸಲಹೆ, ಪ್ರಚಾರ ಎಲ್ಲದಕ್ಕೂ ಅದೇ ಆಧಾರ. ಗುಣಮಟ್ಟಕ್ಕೆ ಒಪ್ಪುವ ಕಾಫಿಯನ್ನು ಯಾವ ಸಣ್ಣ ರೈತ ತಂದರೂ ಘೋಷಿತ ಬೆಲೆಗೆ ಕೊಳ್ಳುವ ವ್ಯವಸ್ಥೆಯೂ ಇದೆ. 2007ರಲ್ಲಿ ಐರೋಪ್ಯ ಒಕ್ಕೂಟ ತನ್ನ ಭೌಗೋಳಿಕ ಗುರುತನ್ನು (ಬೆಳೆದ ನೆಲದ ಹೆಸರಿಗೆ ಕಾನೂನಿನ ರಕ್ಷೆ) ಹೊರಗಿನ ಉತ್ಪನ್ನವೊಂದಕ್ಕೆ ಮೊದಲ ಬಾರಿ ಕೊಟ್ಟಾಗ, ಅದು ಸಿಕ್ಕಿದ್ದು ಕೊಲಂಬಿಯಾದ ಕಾಫಿಗೆ. ಹಾಗೆಂದು ಹ್ವಾನ್ ವಾಲ್ಡೆಜ್ ಪವಾಡವನ್ನೇನೂ ಮಾಡಲಿಲ್ಲ. ಎಂಬತ್ತರ ದಶಕದಲ್ಲಿ ಕೊಲಂಬಿಯಾ ಎಂದರೆ ಜಗತ್ತಿಗೆ ಮೊದಲು ನೆನಪಾಗುತ್ತಿದ್ದದ್ದು ಕೊಕೇನ್, ಪಾಬ್ಲೊ ಎಸ್ಕೋಬಾರ್. ಆ ಕೆಟ್ಟ ಹೆಸರಿನ ನಡುವೆಯೂ ಕಾಫಿಯ ಹೆಸರು ಕೆಡದೆ ನಿಂತದ್ದೇ ಹೆಚ್ಚು.

ಇತ್ತ ನಮ್ಮ ಗಿರಿಗಳಲ್ಲಿ ಕಥೆಗೇನೂ ಬರವಿರಲಿಲ್ಲ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ಅಡಗಿಸಿ ತಂದರೆಂಬ ಐತಿಹ್ಯಕ್ಕಿಂತ ಒಳ್ಳೆಯ ಜಾಹೀರಾತನ್ನು ಯಾರು ಬರೆದಾರು? ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರದ್ದು, ಕೊಲಂಬಿಯಾದ ಕೇಂದ್ರಕ್ಕಿಂತ ಹಿರಿಯದು. ನಾವು ಎಡವಿದ್ದು ಮಾರಾಟದಲ್ಲಿ. ಎರಡನೇ ಮಹಾಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲು, ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಪೂಲಿಂಗ್ ಪದ್ಧತಿ ಬಂತು; 1942ರ ಕಾಯ್ದೆಯಿಂದ ಅದು ಕಾಫಿ ಮಂಡಳಿಯ ಕೈಸೇರಿತು. ಮೂಡಿಗೆರೆಯ ಅರೇಬಿಕಾ, ಸಕಲೇಶಪುರದ ರೋಬಸ್ಟಾ ಎಲ್ಲವನ್ನೂ ಮಂಡಳಿಗೆ ಒಪ್ಪಿಸಬೇಕಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಆ ಹೊತ್ತಿಗೆ ಅದು ಉಪಕಾರವೇ. ಆದರೆ ದರ್ಜೆ ಮಾತ್ರ ಉಳಿದು ತೋಟದ ಹೆಸರು ಪೂಲಿನಲ್ಲಿ ಮುಳುಗಿತು. ಡಾಲರಿನ ಬದಲು ರೂಪಾಯಿಯಲ್ಲೇ ನಡೆಯುತ್ತಿದ್ದ ವಹಿವಾಟಿನಲ್ಲಿ ಸೋವಿಯತ್ ಒಕ್ಕೂಟ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿತ್ತು; ಮನೆಬಾಗಿಲಿಗೆ ಬರುವ ಗಿರಾಕಿಯ ಎದುರು ಹೆಸರು ಹೇಳಿಕೊಳ್ಳುವ ಅಗತ್ಯ ಯಾರಿಗಿತ್ತು? 1991ರಲ್ಲಿ ಆ ದೇಶವೇ ಇಲ್ಲವಾಯಿತು. 1996ರ ವೇಳೆಗೆ ಪೂಲಿಂಗ್ ಪೂರ್ತಿ ಹೋಗಿ ಬೆಳೆಗಾರರು ಸ್ವತಂತ್ರರಾದರು, ಜೊತೆಗೆ ಒಂಟಿಯೂ ಆದರು.

ಯುರೋಪಿನ ಕಾಫಿಪ್ರಿಯರು ಗುರುತಿಸುವ ಭಾರತದ ಹೆಸರೆಂದರೆ ‘ಮಾನ್ಸೂನ್ಡ್ ಮಲಬಾರ್’. ಹಾಯಿ ಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಕಡಲ ಗಾಳಿ ಹೀರಿ ಬೆಳ್ಳಗಾದ ಬೀಜದ ರುಚಿ ಅವರಿಗೆ ಹಿಡಿಸಿತ್ತು. ಈಗ ಅದನ್ನೇ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಹರಡಿ ತಯಾರಿಸುತ್ತಾರೆ. ಬೀಜ ಘಟ್ಟದ ಮೇಲಿನದು, ಕೀರ್ತಿ ಕರಾವಳಿಯದು.

2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ನಮ್ಮ ದೇಶದ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಕಾಫಿ ಸಮ್ಮೇಳನ ಏಷ್ಯಾದಲ್ಲೇ ಮೊದಲ ಬಾರಿ ಬೆಂಗಳೂರಿನಲ್ಲಿ ನಡೆಯಿತು. ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅದರ ರಾಯಭಾರಿ. ಒಳ್ಳೆಯ ಆಯ್ಕೆಯೇ, ಆದರೆ ಸಮ್ಮೇಳನ ನಾಲ್ಕು ದಿನದ್ದು. ಸಾಂಚೆಜ್ ಆ ಟೋಪಿ ತೊಟ್ಟದ್ದು ಮೂವತ್ತೇಳು ವರ್ಷ, ಅದರ ಖರ್ಚು ಹೊತ್ತವರು ಬೆಳೆಗಾರರು. ನಮ್ಮಲ್ಲಿ ಚೀಲಕ್ಕೆ ಹತ್ತು ರೂಪಾಯಿ ಪ್ರಚಾರ ನಿಧಿಗೆ ಕೊಡಿ ಎಂದು ಬೇಲೂರಿನದೋ ಸಕಲೇಶಪುರದ್ದೋ ಬೆಳೆಗಾರರ ಸಭೆಯಲ್ಲಿ ಕೇಳಿ ನೋಡಿ. ಮೊದಲು ಕಾಡಾನೆ ತುಳಿದ ಗಿಡಕ್ಕೆ ಪರಿಹಾರ ಕೊಡಿಸಿ, ಕಾಂಡಕೊರಕ ಹುಳಕ್ಕೆ ಮದ್ದು ಹೇಳಿ ಎನ್ನುತ್ತಾರೆ. ಅವರು ಕೇಳುವುದರಲ್ಲಿ ತಪ್ಪೂ ಇಲ್ಲ.